ಎರವಿನ ಲೇಖನಿ

ಬರವಣಿಗೆಯ ಸಲಕರಣೆಗಳೆಲ್ಲ ಬರವಣಿಗೆಗೆಂದೇ ಹುಟ್ಟಿದವು ಎಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ತಾಳೆಯೋಲೆಯ ಮೇಲೆ ಕೊರೆಯುವ ಕಂಠವಾಗಲಿ, ಶಾನುಭೋಗರ ಮಸಿಕುಡಿಕೆಯಾಗಲಿ, ಕಚೇರಿಯ ಬೆರಳಚ್ಚು ಯಂತ್ರವಾಗಲಿ ಅಕ್ಷರದ ಕೆಲಸಕ್ಕಾಗಿಯೇ ರೂಪುಗೊಂಡವು. ಆದರೆ ಇಂದು ಕಚೇರಿಯ ಟಿಪ್ಪಣಿ, ಕರಡು, ಜ್ಞಾಪನಗಳಿಂದ ಹಿಡಿದು ಮಗಳ ಮದುವೆಯ ಕರೆಯೋಲೆ, ಸಂಘದ ವಾರ್ಷಿಕ ವರದಿ, ಕೊನೆಗೆ ಓದುಗರ ಕೈಯಲ್ಲಿರುವ ಈ ಸಂಚಿಕೆಯವರೆಗೆ ಎಲ್ಲವೂ ಸಿದ್ಧವಾಗುವ ಗಣಕಯಂತ್ರದ ಸಂಗತಿ ಬೇರೆ. ಅದು ಹುಟ್ಟಿದ್ದು ಲೆಕ್ಕ ಮಾಡುವುದಕ್ಕೆ. ಅದರೊಳಗೆ ಅಕ್ಷರ ಕಾಲಿಟ್ಟದ್ದು, ಲೆಕ್ಕವನ್ನು ಹೇಗೆ ಮಾಡಬೇಕೆಂದು ಯಂತ್ರಕ್ಕೆ ತಿಳಿಸುವ ಆಜ್ಞಾವಳಿಯನ್ನು, ಎಂದರೆ ಪ್ರೋಗ್ರಾಮನ್ನು, ಬರೆಯುವ ನಿಮಿತ್ತವಾಗಿ.

ಮನುಷ್ಯ ಬರೆದ ಮೇಲೆ ತಪ್ಪು ಇದ್ದೇ ಇರುತ್ತದೆ. ಆ ತಪ್ಪನ್ನು ಹುಡುಕಿ ತಿದ್ದುವುದಕ್ಕೆ ಪ್ರೋಗ್ರಾಮು ಬರೆಯುವವರು ಒಂದು ಉಪಾಯ ಮಾಡಿಕೊಂಡರು. ತಿದ್ದುವ ಕೆಲಸಕ್ಕೂ ಒಂದು ಪ್ರೋಗ್ರಾಮನ್ನೇ ಬರೆದು ಅದಕ್ಕೆ ಎಡಿಟರ್ ಎಂದು ಹೆಸರಿಟ್ಟರು. (ನಮ್ಮ ಸಂಪಾದಕ ಮಹಾಶಯರು ಹುಬ್ಬೇರಿಸಬೇಕಾಗಿಲ್ಲ. ಈ ಎಡಿಟರು ಲೇಖನವನ್ನು ಹಿಂದಿರುಗಿಸುವುದಿಲ್ಲ, ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಇಟ್ಟುಕೊಳ್ಳುತ್ತದೆ.) ಬಡಗಿಯ ಚಾಣದಂತಿದ್ದ ಈ ಸಲಕರಣೆಯನ್ನು ಒಬ್ಬೊಬ್ಬರು ಒಂದೊಂದು ಅವಸರಕ್ಕೆ ಪತ್ರ, ಪ್ರಬಂಧ, ಪುಸ್ತಕ ಬರೆಯಲು ಬಗ್ಗಿಸಿಕೊಂಡ ಕಥೆಯೇ ಇಂದಿನ ನಮ್ಮೆಲ್ಲರ ಬರವಣಿಗೆಯ ಕಥೆ. ಅದೇ ಬಾಗಿಲಿನಿಂದ ಕನ್ನಡವೂ ಒಳಗೆ ಬಂದಿತು. ಬಂದ ದಾರಿಯಲ್ಲಿ ನಮ್ಮ ಮುಂಬಯಿಯೂ ಇದೆ. ದಾರಿಯಲ್ಲಿ ಕೆಲವು ವರ್ಷ ನಾವು ಅಡ್ಡಹಾದಿ ಹಿಡಿದೆವು. ಅದರ ನಷ್ಟವನ್ನು ಸಂಘಸಂಸ್ಥೆಗಳು ಇನ್ನೂ ಅನುಭವಿಸುತ್ತಿವೆ. ಅದನ್ನು ಹೇಳಬೇಕೆಂದೇ ಈ ಬರೆಹ.

ಕಥೆಯ ಮೊದಲ ಭಾಗ ಅಮೆರಿಕದ್ದು. 1961ರಲ್ಲಿ ಎಂ.ಐ.ಟಿ. ಎಂಬ ಹೆಸರಾಂತ ತಾಂತ್ರಿಕ ಸಂಸ್ಥೆಗೆ ಪಿ.ಡಿ.ಪಿ.-1 ಎಂಬ ಗಣಕಯಂತ್ರ ಬಂದಿತು. ಬೆಲೆ ಲಕ್ಷ ಡಾಲರಿಗೂ ಮಿಕ್ಕಿದ್ದು. ಸ್ಟೀವ್ ಪೈನರ್ ಎಂಬವರು ಅದರ ಮೇಲೆ ಕೂತು ಬರೆದದ್ದನ್ನು ತಿದ್ದಿ ಅಚ್ಚು ಮಾಡುವ ಒಂದು ಪ್ರೋಗ್ರಾಮು ಮಾಡಿ, 'ದುಬಾರಿ ಬೆರಳಚ್ಚು ಯಂತ್ರ' ಎಂಬ ಅರ್ಥ ಬರುವ ಹೆಸರಿಟ್ಟರು. ಹೆಸರಿನಲ್ಲಿ ತಮಾಷೆಯಿದೆ, ಸತ್ಯವೂ ಇದೆ. ಕೆಲವೇ ನೂರು ಡಾಲರಿನ ಯಂತ್ರ ಮಾಡುವ ಕೆಲಸವನ್ನು ಲಕ್ಷ ಡಾಲರಿನ ಯಂತ್ರದಿಂದ ಮಾಡಿಸುವುದೆಂದರೆ, ಐರಾವತವನ್ನು ಗಾಣಕ್ಕೆ ಕಟ್ಟಿದ ಹಾಗೆ. ಮರುವರ್ಷ, 1962ರಲ್ಲಿ, ಡ್ಯಾನ್ ಮರ್ಫಿ ಅದೇ ಜಾತಿಯ ಯಂತ್ರಕ್ಕೆ 'ಟೆಕೊ' ಎಂಬ ಎಡಿಟರನ್ನು ಬರೆದರು. ಅಂದು ಪ್ರೋಗ್ರಾಮುಗಳು ತೂತು ಕೊರೆದ ಕಾಗದದ ಪಟ್ಟಿಗಳಲ್ಲಿರುತ್ತಿದ್ದುವು. ಆ ಪಟ್ಟಿಯನ್ನು ತಿದ್ದುವುದು ಇದರ ಕೆಲಸ.

ಬರವಣಿಗೆಗೆ ನಿಜವಾದ ತಿರುವು ಬಂದದ್ದು 1964ರಲ್ಲಿ. ಎಂ.ಐ.ಟಿ.ಯಲ್ಲೇ ಡಾಕ್ಟರೇಟಿಗೆ ಓದುತ್ತಿದ್ದ ಜೆರೋಮ್ ಸಾಲ್ಟ್‌ಜರ್ ತಮ್ಮ ಪ್ರಬಂಧದ ಯೋಜನೆಯನ್ನು ಬರೆಯಬೇಕಾಗಿತ್ತು. ಒಂದು ಸಾಲು ಸೇರಿಸಿದರೆ ಇಡೀ ಪುಟವನ್ನು ಮತ್ತೆ ಟೈಪು ಮಾಡುವ ಕಷ್ಟ ನಮ್ಮ ಕಚೇರಿಯ ಹಿರಿಯರಿಗೆ ಗೊತ್ತಿದ್ದಷ್ಟೇ ಅವರಿಗೂ ಗೊತ್ತಿತ್ತು. ಅವರು ಎರಡು ಪ್ರೋಗ್ರಾಮು ಬರೆದರು. ಒಂದು ಟಿಪ್‌ಸೆಟ್, ಬರೆದು ತಿದ್ದುವುದಕ್ಕೆ. ಇನ್ನೊಂದು ರನಾಫ್, ಪುಟ ಕಟ್ಟಿ ಅಚ್ಚು ಹಾಕುವುದಕ್ಕೆ. ಇದರಲ್ಲಿ ಒಂದು ಜಾಣತನವಿದೆ. ಎಲ್ಲಿ ಹೊಸ ಪ್ಯಾರಾ, ಎಲ್ಲಿ ಮಧ್ಯಕ್ಕೆ ಶೀರ್ಷಿಕೆ ಎಂಬುದನ್ನು ಬರೆಹದ ನಡುವೆಯೇ ಪ್ರತ್ಯೇಕ ಸಾಲಿನಲ್ಲಿ ಒಂದು ಚುಕ್ಕಿಯಿಟ್ಟು ಸೂಚಿಸುವುದು. ಬರೆಹ ಬರೆಹವಾಗಿಯೇ ಉಳಿಯುತ್ತದೆ, ಅಲಂಕಾರದ ಸೂಚನೆ ಪಕ್ಕದಲ್ಲಿರುತ್ತದೆ. ಕರಡು ಬರೆದು ಅಂಚಿನಲ್ಲಿ ಟೈಪಿಸ್ಟರಿಗೆ 'ಡಬಲ್ ಸ್ಪೇಸ್' ಎಂದು ಗೀಚುವುದಕ್ಕೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ. ಅಕ್ಷರ ಬೇರೆ, ಅದರ ಆಕಾರ ಬೇರೆ ಎಂಬ ಈ ಭೇದವನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಕನ್ನಡದ ಅಳಿವು ಉಳಿವು ಇದರ ಮೇಲೆಯೇ ನಿಂತಿತು.

ನಮ್ಮಂಥ ಗುಮಾಸ್ತರಿಗೆ ಅತ್ಯಂತ ಪ್ರಿಯವಾಗಬೇಕಾದ ಪ್ರಸಂಗ ಬೆಲ್ ಪ್ರಯೋಗಶಾಲೆಯದು. ಅಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮುಂತಾದವರು ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟುತ್ತಿದ್ದರು. ಅವರಿಗೆ ಹೊಸ ಯಂತ್ರವೊಂದು ಬೇಕಾಗಿತ್ತು. ಮೇಲಧಿಕಾರಿಗಳು ಹಣ ಬಿಚ್ಚಲು ಸಿದ್ಧರಿರಲಿಲ್ಲ. ಯಾವ ಕಚೇರಿಯಲ್ಲಾದರೂ ಹಣ ಮಂಜೂರಾಗಬೇಕಾದರೆ ಕಾರಣವನ್ನು ಬೇರೆ ಭಾಷೆಯಲ್ಲಿ ಹೇಳಬೇಕೆಂಬುದು ನಮಗೆಲ್ಲ ಗೊತ್ತಿದ್ದದ್ದೇ. ಅವರು ಹಾಗೆಯೇ ಮಾಡಿದರು. ಯಂತ್ರ ಕೊಡಿಸಿದರೆ ದಸ್ತಾವೇಜು ತಯಾರಿಸುವ ವ್ಯವಸ್ಥೆ ಮಾಡಿಕೊಡುತ್ತೇವೆ ಎಂದರು. ಯಂತ್ರ ಬಂದಿತು, ಮಾತಿನಂತೆ ನಡೆಯಬೇಕಾಯಿತು. 1971ರ ಉತ್ತರಾರ್ಧದಲ್ಲಿ ಪೇಟೆಂಟ್ ವಿಭಾಗದ ಮೂವರು ಟೈಪಿಸ್ಟರು ಆ ಯಂತ್ರದ ಮುಂದೆ ಕೂತು ದಿನವಿಡೀ ಪೇಟೆಂಟ್ ಅರ್ಜಿಗಳನ್ನು ಟೈಪು ಮಾಡತೊಡಗಿದರು. ಅವರ ಕೈಗೆ ಕೊಟ್ಟದ್ದು ಥಾಂಪ್ಸನ್ನರು ಪ್ರೋಗ್ರಾಮು ತಿದ್ದಲೆಂದು ಬರೆದಿದ್ದ 'ಎಡ್' ಎಂಬ ಎಡಿಟರ್. ಜೊತೆಗೆ ಸಾಲ್ಟ್‌ಜರರ ರನಾಫಿನ ವಂಶದ್ದೇ ಆದ 'ರಾಫ್'. ಯಂತ್ರವೋ ಒಂದೇ. ಅದರಲ್ಲೇ ಈ ಮಹನೀಯರು ತಮ್ಮ ಹೊಸ ಪ್ರೋಗ್ರಾಮುಗಳನ್ನು ಪರೀಕ್ಷಿಸಬೇಕು. ಒಂದು ತಪ್ಪಿದರೆ ಟೈಪಿಸ್ಟರ ಕೆಲಸವೂ ಸೇರಿ ಎಲ್ಲ ನಿಂತುಹೋಗುವ ಸ್ಥಿತಿ. ಇಂದು ಜಗತ್ತಿನ ಬಹುಪಾಲು ದೊಡ್ಡ ಗಣಕಯಂತ್ರಗಳು ಯುನಿಕ್ಸಿನ ಸಂತತಿ ಎಂಬುದನ್ನು ಬಲ್ಲವರು ಹೇಳುತ್ತಾರೆ. ಅದರ ಮೊದಲ ಗಿರಾಕಿಗಳು ಮೂವರು ಟೈಪಿಸ್ಟರು ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ.

ಇವೆಲ್ಲ ದೊಡ್ಡ ಸಂಸ್ಥೆಗಳ ಮಾತು. ಮನೆಯ ಮೇಜಿನ ಮೇಲೆ ಇಡುವ ಪುಟ್ಟ ಯಂತ್ರ ಬಂದಾಗ ಮತ್ತೆ ಇದೇ ಕಥೆ ನಡೆಯಿತು. ಮೈಕೆಲ್ ಶ್ರೇಯರ್ ಎಂಬವರು ಚಲನಚಿತ್ರದ ಕೆಲಸ ಬಿಟ್ಟು ಕ್ಯಾಲಿಫೋರ್ನಿಯಕ್ಕೆ ಬಂದು ಆಲ್ಟೇರ್ ಎಂಬ ಪುಟ್ಟ ಗಣಕದಲ್ಲಿ ಮಗ್ನರಾಗಿದ್ದರು. ಪ್ರೋಗ್ರಾಮು ಬರೆಯುವ ಒಂದು ಸಿದ್ಧ ಸಲಕರಣೆಯನ್ನು, ಅದರ ಎಡಿಟರಿನ ಸಮೇತ, ಅವರು ತಿದ್ದಿ ಉತ್ತಮಪಡಿಸಿದರು. ಅದನ್ನು ಬೇರೆಯವರಿಗೆ ಕೊಡಬೇಕಾದಾಗ ಬಳಕೆಯ ಕೈಪಿಡಿ ಬರೆಯಬೇಕಾಯಿತು. ಎದುರಿಗೆ ಇಂಥ ಯಂತ್ರವಿರುವಾಗ ಕೈಪಿಡಿಯನ್ನು ಟೈಪ್‌ರೈಟರಿನಲ್ಲಿ ಏಕೆ ಹೊಡೆಯಬೇಕು ಎಂಬ ಪ್ರಶ್ನೆ ಅವರ ತಲೆಗೆ ಬಂದಿತು. 1976ರ ಡಿಸೆಂಬರಿನಲ್ಲಿ 'ಎಲೆಕ್ಟ್ರಿಕ್ ಪೆನ್ಸಿಲ್' ಹೊರಬಂದಿತು. ಪುಟ್ಟ ಗಣಕಗಳಲ್ಲಿ ಬರವಣಿಗೆಗೆಂದು ಮಾಡಿದ ಮೊದಲ ತಂತ್ರಾಂಶ ಇದು. ಬಗೆಬಗೆಯ ಯಂತ್ರಗಳಿಗೆ ಹೊಂದುವಂತೆ ಅದರ 78 ರೂಪಾಂತರಗಳನ್ನು ಅವರು ಮಾಡಬೇಕಾಯಿತಂತೆ.

ಅದರ ಬೆನ್ನಿಗೇ ಬಂದದ್ದು ವರ್ಡ್‌ಸ್ಟಾರ್. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ದುಡಿದು ನಿವೃತ್ತರಾದ ಅನೇಕ ಓದುಗರಿಗೆ ಈ ಹೆಸರು ಕೇಳಿದೊಡನೆ ಕಪ್ಪು ಪರದೆಯೂ ಹಸಿರು ಅಕ್ಷರವೂ ಕಣ್ಣಿಗೆ ಕಟ್ಟಬಹುದು. ಸೆಮೂರ್ ರೂಬಿನ್‌ಸ್ಟೀನ್ 1978ರಲ್ಲಿ ಸ್ಥಾಪಿಸಿದ ಮೈಕ್ರೊಪ್ರೊ ಕಂಪನಿಗಾಗಿ ರಾಬ್ ಬಾರ್ನಬಿ ಮೊದಲು ಬರೆದದ್ದು ವರ್ಡ್‌ಮಾಸ್ಟರ್ ಎಂಬ ಎಡಿಟರ್. ಅದು ಪ್ರೋಗ್ರಾಮಿನವರಿಗೆಂದೇ ಇದ್ದದ್ದು. ಅದನ್ನೇ ಬುನಾದಿ ಮಾಡಿಕೊಂಡು ಅವರು ವರ್ಡ್‌ಸ್ಟಾರನ್ನು ಕಟ್ಟಿದರು. 1979ರಲ್ಲಿ ಅದು ಮಾರಾಟಕ್ಕೆ ಬಂದಿತು. ಹುಟ್ಟಿನ ಗುರುತು ಅದರ ಮುಖದ ಮೇಲೆಯೇ ಇತ್ತು. ಮೊದಲ ಪಟ್ಟಿಯಲ್ಲಿ ಎರಡು ಬಾಗಿಲು. 'ಡಿ' ಒತ್ತಿದರೆ ದಸ್ತಾವೇಜು. 'ಎನ್' ಒತ್ತಿದರೆ ದಸ್ತಾವೇಜಲ್ಲದ್ದು, ಎಂದರೆ ಪ್ರೋಗ್ರಾಮು. ಪತ್ರ ಬರೆಯುವವರು ಮುಂಬಾಗಿಲಿನಿಂದ, ಪ್ರೋಗ್ರಾಮು ಬರೆಯುವವರು ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗುತ್ತಿದ್ದರು.

ಸಾಲ ತಂದದ್ದನ್ನು ಬಡ್ಡಿ ಸಮೇತ ಹಿಂದಿರುಗಿಸಿದ ಹಾಗೆ, ವರ್ಡ್‌ಸ್ಟಾರಿನ ಬೆರಳ ಅಭ್ಯಾಸಗಳು ಮತ್ತೆ ಪ್ರೋಗ್ರಾಮಿನವರ ಮನೆ ಸೇರಿದುವು. 1983ರ ಟರ್ಬೊ ಪಾಸ್ಕಲ್, ಆಮೇಲಿನ ಟರ್ಬೊ ಸಿ ಮುಂತಾದುವುಗಳ ಎಡಿಟರು ವರ್ಡ್‌ಸ್ಟಾರಿನ ಕೀಲಿಗಳನ್ನೇ ಅನುಸರಿಸಿತು. ನಾವು ಬಿ.ಎಸ್ಸಿ. ಓದುವಾಗ ಕಾಲೇಜಿನ ಪ್ರಯೋಗಶಾಲೆಯಲ್ಲಿ ಟರ್ಬೊ ಸಿ ಕಲಿತವರು. ನಾಲ್ಕು ಸಾಲನ್ನು ಎತ್ತಿ ಬೇರೆಡೆಗೆ ಇಡಲು ಕಂಟ್ರೋಲ್ ಒತ್ತಿ ಕೆ, ಆಮೇಲೆ ಬಿ ಎಂದು ಬಾಯಿಪಾಠ ಮಾಡಿದ್ದೆವು. ನೌಕರಿಗೆ ಸೇರಿದ ಮೇಲೆ ಹಿರಿಯ ಸ್ಟೆನೊ ಒಬ್ಬರು, 'ಇದು ನಮ್ಮ ವರ್ಡ್‌ಸ್ಟಾರಿನದಲ್ಲವೇ!' ಎಂದಾಗಲೇ ನಮಗೆ ಈ ನಂಟು ತಿಳಿದದ್ದು.

ಇನ್ನು ಮುಂಬಯಿಗೆ ಬರೋಣ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ಕಟ್ಟಿದ ಟಿಫ್ರಾಕ್ ಎಂಬ ಗಣಕಯಂತ್ರ 1960ರಲ್ಲಿ ಸಿದ್ಧವಾಯಿತು. 1964ರಲ್ಲಿ ಸಿ.ಡಿ.ಸಿ. 3600 ಎಂಬ ದೊಡ್ಡ ಯಂತ್ರ ಬಂದಿತು. ಅದರಲ್ಲಿ ಪ್ರತಿ ಅಕ್ಷರಕ್ಕೆ ಆರು ದೀಪಗಳ ಒಂದು ಸಾಲು ಎಂದು ಊಹಿಸಿಕೊಳ್ಳಬಹುದು. ಒಂದೊಂದು ದೀಪವೂ ಉರಿದಿರಬಹುದು ಇಲ್ಲವೆ ಆರಿರಬಹುದು. ಆರು ದೀಪಗಳಿಂದ 64 ಬಗೆಯ ಸಂಜ್ಞೆಗಳಷ್ಟೇ ಸಾಧ್ಯ. ಇಂಗ್ಲಿಷಿನ ದೊಡ್ಡಕ್ಷರ, ಅಂಕೆ, ಕೂಡು-ಕಳೆ ಚಿಹ್ನೆಗಳಿಗೇ ಅದು ಸರಿಹೋಗುತ್ತಿತ್ತು. ಇಂಗ್ಲಿಷಿನ ಚಿಕ್ಕಕ್ಷರಕ್ಕೂ ಅಲ್ಲಿ ಎಡೆಯಿರಲಿಲ್ಲವೆಂದ ಮೇಲೆ ನಮ್ಮ ಒತ್ತಕ್ಷರ, ಗುಣಿತಾಕ್ಷರಗಳನ್ನು ಕೇಳುವವರಾರು? 1970ರ ದಶಕದಲ್ಲಿ ಅಲ್ಲಿಗೆ ಬಂದ ಡೆಕ್-10 ಜಾತಿಯ ಯಂತ್ರದ ಜೊತೆಗೆ ಟೆಕೊ, ರನಾಫ್ ಎರಡೂ ಬರುತ್ತಿದ್ದುವು. ಹೀಗೆ ಎಂ.ಐ.ಟಿ.ಯಲ್ಲಿ ಮೊಳೆತ ಬೀಜ ಮುಂಬಯಿಯ ಕಡಲ ದಂಡೆಗೂ ಬಂದಿತು. ಈ ಸಂಸ್ಥೆಯ ಗಣಕ ವಿಭಾಗದಿಂದಲೇ 1985ರಲ್ಲಿ ಜುಹುವಿನ ರಾಷ್ಟ್ರೀಯ ತಂತ್ರಾಂಶ ಕೇಂದ್ರ, ಎನ್.ಸಿ.ಎಸ್.ಟಿ., ಕವಲೊಡೆಯಿತು. ಅದರ ಹೆಸರು ಮುಂದೆ ಮತ್ತೊಮ್ಮೆ ಬರುತ್ತದೆ.

ಮುಂದಿನ ಯಂತ್ರಗಳಲ್ಲಿ ಅಕ್ಷರಕ್ಕೆ ಎಂಟು ದೀಪಗಳಾದುವು. ಇಂಗ್ಲಿಷಿಗೆ ಏಳು ಸಾಕು, 128 ಸಂಜ್ಞೆಗಳಾದುವು. ಎಂಟನೆಯ ದೀಪ ಸುಮ್ಮನೆ ಆರಿರುತ್ತಿತ್ತು. ಮನೆಯಲ್ಲಿ ಖಾಲಿ ಕೋಣೆಯಿದ್ದರೆ ನೆಂಟರು ಬಾರದಿರುವರೇ? ವರ್ಡ್‌ಸ್ಟಾರು ದಸ್ತಾವೇಜಿನ ಬಾಗಿಲಿನಲ್ಲಿ ಬರೆದ ಪಠ್ಯದಲ್ಲಿ, ಪದದ ಕೊನೆಯ ಅಕ್ಷರದ ಎಂಟನೆಯ ದೀಪವನ್ನು ಹೊತ್ತಿಸಿ, ಸಾಲನ್ನು ಎರಡೂ ಅಂಚಿಗೆ ಸರಿಹೊಂದಿಸುವ ತನ್ನ ಗುರುತಾಗಿ ಬಳಸಿಕೊಂಡಿತು. ಇತ್ತ ಭಾರತೀಯ ಭಾಷೆಗಳವರೂ ಅದೇ ಕೋಣೆಯ ಮೇಲೆ ಕಣ್ಣಿಟ್ಟಿದ್ದರು. ಎಂಟನೆಯ ದೀಪ ಆರಿದ್ದರೆ ಇಂಗ್ಲಿಷ್, ಉರಿದಿದ್ದರೆ ಭಾರತೀಯ ಲಿಪಿ ಎಂಬುದು ಇಸ್ಕಿ ಎಂಬ ಸಂಕೇತದ ಮೂಲ ತಂತ್ರ. ಭಾರತೀಯ ಮಾನಕ ಸಂಸ್ಥೆ ಅದನ್ನು 1991ರಲ್ಲಿ ಮಾನಕವಾಗಿ ಅಂಗೀಕರಿಸಿತು. ಕಾನ್ಪುರದ ಐ.ಐ.ಟಿ.ಯಲ್ಲಿ ಆರಂಭವಾಗಿ, 1988ರಲ್ಲಿ ಸ್ಥಾಪಿತವಾದ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ 'ಜಿಸ್ಟ್ ಕಾರ್ಡ್' ಎಂಬ ಫಲಕವನ್ನು ಗಣಕದೊಳಗೆ ಕೂರಿಸಿದರೆ, ಇಂಗ್ಲಿಷಿಗೆಂದು ಮಾಡಿದ ತಂತ್ರಾಂಶಗಳಲ್ಲೇ ಹಿಂದಿ, ಮರಾಠಿ, ಕನ್ನಡ ಮೂಡುತ್ತಿದ್ದುವು. ರಾಜಭಾಷೆಯ ನಿಯಮ ಪಾಲಿಸಬೇಕಾದ ಕೇಂದ್ರ ಸರ್ಕಾರದ ಕಚೇರಿಗಳಿಗೆ ಇದು ವರವಾಯಿತು.

ಆದರೆ ಒಂದೇ ದೀಪಕ್ಕೆ ಇಬ್ಬರು ಒಡೆಯರಾದರೆ ಗತಿಯೇನು? ಹಳೆಯ ವರ್ಡ್‌ಸ್ಟಾರಿನ ದಸ್ತಾವೇಜಿನ ಬಾಗಿಲಿನಲ್ಲಿ ಇಸ್ಕಿಯ ಅಕ್ಷರಕ್ಕೆ ನೆಮ್ಮದಿಯಿರಲಾರದು. ದೀಪಗಳನ್ನು ಮುಟ್ಟದೆ ಇದ್ದದ್ದನ್ನು ಇದ್ದ ಹಾಗೆಯೇ ಇಡುವುದು 'ಎನ್' ಎಂಬ ಹಿತ್ತಿಲ ಬಾಗಿಲು ಮಾತ್ರ. ಇಂಗ್ಲಿಷಿನವರಿಗೆ ಪತ್ರ ಬರೆಯಲು ಒಂದು ಬಾಗಿಲು, ಪ್ರೋಗ್ರಾಮಿಗೆ ಒಂದು ಬಾಗಿಲು. ನಮ್ಮ ಭಾಷೆಗಳಿಗೆ ಪತ್ರ ಬರೆಯಲೂ ಪ್ರೋಗ್ರಾಮಿನವರ ಬಾಗಿಲೇ ಗತಿ. ಇದರಲ್ಲಿ ಅವಮಾನವೇನೂ ಇಲ್ಲವೆಂದು ನಮ್ಮ ಅಭಿಪ್ರಾಯ. ಬರೆದವರ ಅಕ್ಷರವನ್ನು ಗೌರವಿಸುವ ಬಾಗಿಲು ಅದೊಂದೇ ಆಗಿತ್ತು.

ಸಂಕೇತದ ಕಥೆ ಹೀಗಾದರೆ ಕೀಲಿಮಣೆಯ ಕಥೆ ಇನ್ನೂ ರಸವತ್ತಾದದ್ದು, ಅದರ ನಾಯಕರು ಮುಂಬಯಿಯಲ್ಲಿ ದುಡಿದ ಕನ್ನಡಿಗರು. ಮಂಗಳೂರಿನ ಬಳಿಯ ಕಿನ್ನಿಕಂಬಳದಲ್ಲಿ 1940ರಲ್ಲಿ ಜನಿಸಿದ ಪದ್ಮನಾಭ ರಾಯರು, ಕೆ. ಪಿ. ರಾವ್ ಎಂದೇ ಪ್ರಸಿದ್ಧರಾದವರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ, ಆಮೇಲೆ ಟಾಟಾ ಪ್ರೆಸ್ಸು, ಮೊನೊಟೈಪ್ ಕಂಪನಿಗಳಲ್ಲಿಯೂ ಕೆಲಸ ಮಾಡಿ ಭಾರತೀಯ ಲಿಪಿಗಳ ಅಚ್ಚುಜೋಡಣೆಯ ಒಳಹೊರಗನ್ನು ತಿಳಿದವರು. ಅಚ್ಚುಕೂಟ ಬಲ್ಲವರಿಗೆ ಗಣಕ ತಿಳಿಯದು, ಗಣಕ ಬಲ್ಲವರಿಗೆ ವ್ಯಾಕರಣ ಬೇಡ ಎಂಬ ಕಾಲದಲ್ಲಿ ಮೂರನ್ನೂ ಒಂದೇ ತಲೆಯಲ್ಲಿ ಇಟ್ಟುಕೊಂಡಿದ್ದದ್ದು ಅವರ ವೈಶಿಷ್ಟ್ಯ.

ಕನ್ನಡದ ಬೆರಳಚ್ಚು ಯಂತ್ರಕ್ಕೆ ಅನಂತ ಸುಬ್ಬರಾಯರ ವಿನ್ಯಾಸ ಬಹಳ ಕಾಲ ಸೇವೆ ಸಲ್ಲಿಸಿತ್ತು. ಆ ಯಂತ್ರ ಚಿತ್ರ ಬರೆಯುವಂತೆ ಅಕ್ಷರ ಬರೆಯುತ್ತದೆ. ಅಕ್ಷರದ ಒಡಲು ಒಂದು ಕೀಲಿ, ತಲೆಕಟ್ಟು ಒಂದು ಕೀಲಿ, ಕೊಂಬು ಒಂದು, ಒತ್ತು ಒಂದು. ಕಾಗದಕ್ಕೆ ಅಷ್ಟು ಸಾಕು, ಏಕೆಂದರೆ ಕಾಗದ ಏನನ್ನೂ ತಿಳಿಯಬೇಕಾಗಿಲ್ಲ. ರಾಯರು ಈ ದಾರಿಯನ್ನು ಬಿಟ್ಟರು. ಪ್ರೋಗ್ರಾಮು ಬರೆಯುವವರ ಅದೇ ಇಂಗ್ಲಿಷ್ ಕೀಲಿಮಣೆಯನ್ನು ಇಟ್ಟುಕೊಂಡು, ಕೀಲಿಗಳಿಗೆ ಆಕಾರವನ್ನಲ್ಲ, ಉಚ್ಚಾರಣೆಯನ್ನು ಹಂಚಿದರು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಮಹಾಪ್ರಾಣ ಖ. ವ್ಯಂಜನದ ಮುಂದೆ ಸ್ವರ ಒತ್ತಿದರೆ ಗುಣಿತ ತಾನಾಗಿ ಆಗುತ್ತದೆ. ಒತ್ತಕ್ಷರಕ್ಕೆ ಎಫ್ ಎಂಬ ಒಂದೇ ಕೀಲಿ ಬೆಸುಗೆಯ ಕೆಲಸ ಮಾಡುತ್ತದೆ. 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು, ಐದೇ ಬಡಿತ. (ಡಕಾರಕ್ಕೆ ಡಬ್ಲ್ಯು ಏಕೆ ಎನ್ನುವಿರಾ? ಡಿ ಕೀಲಿಯನ್ನು ದಕಾರ ಹಿಡಿದುಕೊಂಡಾಗಿತ್ತು. ಇಪ್ಪತ್ತಾರು ಕೀಲಿಗಳಲ್ಲಿ ನಮ್ಮ ವರ್ಣಮಾಲೆಯನ್ನು ಕೂರಿಸುವುದು ಚಾಳಿನ ಕೋಣೆಯಲ್ಲಿ ಅವಿಭಕ್ತ ಕುಟುಂಬವನ್ನು ಕೂರಿಸಿದ ಹಾಗೆ.) ನಕಾರಕ್ಕೆ ನಕಾರದ ಒತ್ತನ್ನು ಎಲ್ಲಿ, ಯಾವ ಆಕಾರದಲ್ಲಿ ಬರೆಯಬೇಕೆಂಬುದು ಬರೆಯುವವನ ಚಿಂತೆಯಲ್ಲ, ಯಂತ್ರದ ಚಿಂತೆ. ಬಾಲಬೋಧೆಯಲ್ಲಿ ಕ ಕಾರಕ್ಕೆ ಆ ಸೇರಿದರೆ ಕಾ ಎಂದು ಕಲಿತ ಮಗುವಿಗೆ ಹೊಸದಾಗಿ ಕಲಿಯಬೇಕಾದ್ದು ಏನೂ ಉಳಿಯಲಿಲ್ಲ.

ಈ ವಿನ್ಯಾಸದಿಂದ ಕನ್ನಡ ಬರೆಯುವ ತಂತ್ರಾಂಶಕ್ಕೆ ರಾಯರು ಇಟ್ಟ ಹೆಸರು 'ಸೇಡಿಯಾಪು'. ಛಂದಸ್ಸು, ಶಬ್ದಾರ್ಥ ವಿಚಾರಗಳಲ್ಲಿ ಅಗ್ರಮಾನ್ಯರಾಗಿದ್ದ ದಕ್ಷಿಣ ಕನ್ನಡದ ಸೇಡಿಯಾಪು ಕೃಷ್ಣಭಟ್ಟರ ಗೌರವಾರ್ಥವಾದ ಹೆಸರು. ವಿದೇಶೀ ಹೆಸರುಗಳ ಸಂತೆಯಲ್ಲಿ ಒಬ್ಬ ಪಂಡಿತರ ಹೆಸರನ್ನು ಗಣಕದ ಪರದೆಗೆ ಏರಿಸಿದ ಆ ಸಂಸ್ಕಾರವನ್ನು ನಾವು ಮೆಚ್ಚುತ್ತೇವೆ. ಅದಕ್ಕಿಂತ ಹೆಚ್ಚಾಗಿ ಮೆಚ್ಚುವುದು, ಇದಕ್ಕೆ ಅವರು ಕಾಸು ಕೇಳಲಿಲ್ಲ ಎಂಬುದನ್ನು. ವಿನ್ಯಾಸವನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಮುಂದೆ ಕರ್ನಾಟಕ ಸರ್ಕಾರ ಇದನ್ನೇ ಅಧಿಕೃತ ಕೀಲಿಮಣೆಯಾಗಿ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಮೂಲಕ ಅದು ಮನೆಮನೆಗೆ ತಲುಪಿತು. ರಾಯರಿಗೆ ನಾಡೋಜ ಗೌರವವೂ ಸಂದಿತು.

ಇದೇ ಕಾಲದ ಇನ್ನೆರಡು ಪ್ರಯತ್ನಗಳನ್ನು ಸ್ಮರಿಸದಿದ್ದರೆ ಲೋಪವಾದೀತು. ಡೊನಾಲ್ಡ್ ಕ್ನೂತ್ ಎಂಬ ಗಣಿತಜ್ಞರು 1978ರಲ್ಲಿ ಪ್ರಕಟಿಸಿದ ಟೆಕ್ ಎಂಬ ವ್ಯವಸ್ಥೆಯಲ್ಲಿ ಪುಸ್ತಕವನ್ನೂ ಪ್ರೋಗ್ರಾಮಿನಂತೆಯೇ ಬರಿಯ ಎಡಿಟರಿನಲ್ಲಿ ಬರೆಯುತ್ತಾರೆ. ಜಿ. ಎಸ್. ಜಗದೀಶ್ ಮತ್ತು ವೆಂಕಟೇಶ್ ಗೋಪಿನಾಥ್ ಅದಕ್ಕೆ 'ಕನ್‌ಟೆಕ್' ಜೋಡಿಸಿ, ಇಂಗ್ಲಿಷ್ ಲಿಪಿಯಲ್ಲಿ ಬರೆದದ್ದು ಸುಂದರ ಕನ್ನಡದಲ್ಲಿ ಅಚ್ಚಾಗುವಂತೆ ಮಾಡಿದರು. ಇನ್ನೊಬ್ಬರು ನಮ್ಮ ಟ್ರಾಂಬೆಯ ಭಾಭಾ ಅಣುಶಕ್ತಿ ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು. ಬಿ. ಪವನಜ. 1996ರಲ್ಲಿ 'ವಿಶ್ವಕನ್ನಡ' ಎಂಬ ಮೊದಲ ಕನ್ನಡ ಅಂತರಜಾಲ ಪತ್ರಿಕೆಯನ್ನು ಆರಂಭಿಸಿ, ಮರುವರ್ಷ ನೌಕರಿ ಬಿಟ್ಟು ಬೆಂಗಳೂರಿಗೆ ಹೋಗಿ ಕನ್ನಡ ಗಣಕದ ಕೆಲಸಕ್ಕೇ ನಿಂತರು. ಮಕ್ಕಳಿಗಾಗಿ ಲೋಗೊ ಎಂಬ ಪ್ರೋಗ್ರಾಮು ಭಾಷೆಯನ್ನು ಅವರು ಕನ್ನಡಕ್ಕೆ ತಂದರು. ಅದರಲ್ಲಿ ಆಜ್ಞೆಗಳೇ ಕನ್ನಡದಲ್ಲಿರುತ್ತವೆ. ಪ್ರೋಗ್ರಾಮಿನ ಎಡಿಟರನ್ನು ಭಾಷೆಗೆ ಬಗ್ಗಿಸುವುದು ಒಂದಾದರೆ, ಪ್ರೋಗ್ರಾಮನ್ನೇ ಭಾಷೆಯೊಳಕ್ಕೆ ಕರೆತರುವುದು ಇನ್ನೊಂದು.

ಇನ್ನು ಅಡ್ಡಹಾದಿಯ ಮಾತು. 1990ರ ದಶಕದಲ್ಲಿ ಡಿ.ಟಿ.ಪಿ. ಬಂದಿತು. ಮೊಳೆ ಜೋಡಿಸುವ ಅಚ್ಚುಕೂಟಗಳು ಒಂದೊಂದಾಗಿ ಮುಚ್ಚಿ, ಪುಟ್ಟ ಕೋಣೆಗಳಲ್ಲಿ ಗಣಕವಿಟ್ಟುಕೊಂಡು ಕನ್ನಡ ಜೋಡಿಸಿಕೊಡುವವರು ಬಂದರು. ನಮ್ಮ ಸಂಘಸಂಸ್ಥೆಗಳ ಪತ್ರಿಕೆ, ಸ್ಮರಣಸಂಚಿಕೆಗಳ ಮುಖಕ್ಕೆ ಕಳೆ ಬಂದಿತು. ಆದರೆ ಈ ಮುದ್ರಣದ ತಂತ್ರಾಂಶಗಳು ರನಾಫಿನ ದಾರಿಯನ್ನಾಗಲಿ ಇಸ್ಕಿಯ ದಾರಿಯನ್ನಾಗಲಿ ಹಿಡಿಯಲಿಲ್ಲ. ಮತ್ತೆ ಬೆರಳಚ್ಚು ಯಂತ್ರದ ದಾರಿಗೇ ಹೋದುವು. ಯಂತ್ರದೊಳಗೆ ಕನ್ನಡದ ಅಕ್ಷರವೇ ಇಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿಸಿದ್ದಷ್ಟೇ. ನುಡಿಯ ಹಳೆಯ ಆವೃತ್ತಿಗಳಲ್ಲಿಯೂ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ 'ಬರಹ'ದ ಫಾಂಟುಗಳಲ್ಲಿಯೂ ಬಳಕೆಯಾದ ಸಂಕೇತವನ್ನೇ ನೋಡಿ. 'ಕನ್ನಡ' ಎಂದು ಬರೆದು ವೇಷ ಕಳಚಿದರೆ ಒಳಗಿರುವುದು ಇಂಗ್ಲಿಷಿನ ಪಿ, ಅದರ ಪಕ್ಕ ತಲೆಯ ಮೇಲೆ ಓರೆಗೀಟಿರುವ ಎ, ಆಮೇಲೆ ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಒಂದು ಅಕ್ಷರ, ಕ್ಯೂ, ಇನ್ನೊಮ್ಮೆ ಅದೇ ಎ. ಪಿ ಎಂದರೆ ಕಕಾರದ ಒಡಲು, ಗೀಟಿನ ಎ ಎಂದರೆ ತಲೆಕಟ್ಟು. ನಕಾರದ ಜಾಗದಲ್ಲಿ ಪೌಂಡು! ಇಷ್ಟಾದರೂ ನುಡಿ, ಬರಹಗಳಲ್ಲಿ ಸಂಕೇತ ಒಂದೇ ಇತ್ತು. ಅದಕ್ಕೂ ಮೊದಲು ಒಂದೊಂದು ಕಂಪನಿಗೆ ಒಂದೊಂದು ವೇಷದ ಪೆಟ್ಟಿಗೆ. ಒಬ್ಬರ ಕಡತ ಇನ್ನೊಬ್ಬರಲ್ಲಿ ತೆರೆಯುತ್ತಿರಲಿಲ್ಲ.

ಇದು ಬರಿಯ ತಾಂತ್ರಿಕರ ಜಗಳವೆಂದು ತಳ್ಳಿಹಾಕುವಂತಿಲ್ಲ. ಕೆಲವು ವರ್ಷಗಳ ಹಿಂದೆ ಉಪನಗರದ ಒಂದು ಸಂಘದ ಹಳೆಯ ಸಂಚಿಕೆಗಳನ್ನು ಒಟ್ಟುಗೂಡಿಸುವ ಕೆಲಸಕ್ಕೆ ನಾವು ಕೈಜೋಡಿಸಿದ್ದೆವು. ಜೋಪಾನವಾಗಿ ಇಟ್ಟಿದ್ದ ಸಿ.ಡಿ.ಗಳು ಸಿಕ್ಕಿದುವು, ತೆರೆದೂ ತೆರೆದುವು. ಪರದೆಯ ತುಂಬ ಪೌಂಡು, ಗೀಟಿನ ಎ! ಅದನ್ನು ಜೋಡಿಸಿದ ಕಂಪನಿಯ ತಂತ್ರಾಂಶ ಹೊಸ ಯಂತ್ರದಲ್ಲಿ ನಡೆಯದು, ಫಾಂಟು ಸಿಗದು. ಅದರಲ್ಲಿ ಊರಿನಿಂದ ಬರಿಗೈಯಲ್ಲಿ ಬಂದು ಹೊಟೇಲಿನಲ್ಲಿ ದುಡಿಯುತ್ತ ರಾತ್ರಿಶಾಲೆಯಲ್ಲಿ ಕಲಿತವರ ನೆನಪುಗಳಿದ್ದುವು. ಅವರಲ್ಲಿ ಹಲವರು ಇಂದು ನಮ್ಮೊಡನಿಲ್ಲ. ಮುದ್ರಿತ ಪ್ರತಿ ಸಿಕ್ಕ ಸಂಚಿಕೆಗಳನ್ನು ಕೂತು ಮತ್ತೆ ಟೈಪು ಮಾಡಬೇಕಾಯಿತು. ಪ್ರತಿಯೂ ಸಿಗದವು ಹೋದ ಹಾಗೆಯೇ. 1964ರಲ್ಲಿ ಇಂಗ್ಲಿಷಿನಲ್ಲಿ ಚುಕ್ಕಿಯಿಟ್ಟು ಬರೆದ ಸಾದಾ ಬರೆಹ ಇಂದಿಗೂ ಓದಬಲ್ಲಂಥದು; 1994ರ ನಮ್ಮ ಅಲಂಕೃತ ಕನ್ನಡ ಒಗಟಾಗಿದೆ. ಚಂದ ಕಾಣುವ ಆಸೆಯಿಂದ ಅಕ್ಷರವನ್ನೇ ಕಳೆದುಕೊಂಡದ್ದು ದುಬಾರಿಯೆಂದೇ ನಮ್ಮ ಎಣಿಕೆ.

ಪರಿಹಾರ ಸರಿಯಾದ ಹೊತ್ತಿಗೇ ಹುಟ್ಟಿತ್ತು, ನಮ್ಮನ್ನು ತಲುಪುವುದು ತಡವಾಯಿತು. 1991ರಲ್ಲಿ ಬಂದ ಯುನಿಕೋಡ್ ಎಂಬ ಜಾಗತಿಕ ಸಂಕೇತ, ಭಾರತೀಯ ಲಿಪಿಗಳ ಮಟ್ಟಿಗೆ ಇಸ್ಕಿಯ ಹೆಜ್ಜೆಯಲ್ಲೇ ನಡೆಯಿತು. ಕನ್ನಡದ ಕಕಾರಕ್ಕೆ ಅದರದ್ದೇ ಒಂದು ಸಂಖ್ಯೆ. ಪೌಂಡಿನ ಹಂಗಿಲ್ಲ, ಎಂಟನೆಯ ದೀಪದ ಜಗಳವೂ ಇಲ್ಲ. ಅಕ್ಷರ ಕಡತದಲ್ಲಿ, ಆಕಾರ ಫಾಂಟಿನಲ್ಲಿ. 2001ರ ವಿಂಡೋಸ್ ಎಕ್ಸ್.ಪಿ.ಯೊಡನೆ ಯುನಿಕೋಡ್ ಕನ್ನಡಕ್ಕೆ 'ತುಂಗಾ' ಎಂಬ ಫಾಂಟು ಬಂದಿತು. ಅದರ ವಿನ್ಯಾಸಕರು ರಘುನಾಥ ಕೃಷ್ಣ ಜೋಶಿ. ಮುಂಬಯಿಯ ಹೆಸರಾಂತ ಅಕ್ಷರಕಲಾವಿದರು, ಮರಾಠಿ ಕವಿಗಳು, ಪವಯಿಯ ಐ.ಐ.ಟಿ.ಯಲ್ಲಿ ಪಾಠ ಹೇಳಿ ಆಮೇಲೆ ಜುಹುವಿನ ಎನ್.ಸಿ.ಎಸ್.ಟಿ.ಯನ್ನು ಸೇರಿದ್ದವರು. ಮನೆಯ ಗಣಕದಲ್ಲಿ ಬಹುಮಂದಿ ಮೊದಲು ಕಂಡ ಯುನಿಕೋಡ್ ಕನ್ನಡಕ್ಕೆ ರೂಪು ಕೊಟ್ಟವರು ಈ ಮರಾಠಿ ಮಹನೀಯರೆಂಬುದು ಮುಂಬಯಿ ಕನ್ನಡಿಗರು ಮರೆಯಬಾರದ ಸಂಗತಿ. ಅವರು 2008ರಲ್ಲಿ ತೀರಿಕೊಂಡರು. ಕರ್ನಾಟಕ ಸರ್ಕಾರ ಯುನಿಕೋಡನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 2012ರಲ್ಲಿ. ನುಡಿ, ಬರಹಗಳ ಹಳೆಯ ಸಂಕೇತದ ಕಡತಗಳನ್ನು ಯುನಿಕೋಡಿಗೆ ತಿರುಗಿಸುವ ಉಚಿತ ಸಲಕರಣೆಗಳು ಈಗ ಇವೆ. ಬೇರೆ ಕಂಪನಿಗಳ ವೇಷಗಳದ್ದೇ ಕಷ್ಟ. ಯಾವ ಸಂಘದ ಕಪಾಟಿನಲ್ಲಾದರೂ ಹಳೆಯ ಸಿ.ಡಿ.ಗಳಿದ್ದರೆ, ಅದನ್ನು ಜೋಡಿಸಿದ ಫಾಂಟಿನ ಹೆಸರನ್ನು ಬಲ್ಲವರು ಇರುವಾಗಲೇ ಕೇಳಿ ಬರೆದಿಡುವುದು ಲೇಸು.

ಇಂದು ಠಾಣೆ, ನವಿ ಮುಂಬಯಿಗಳ ನಮ್ಮ ಮಕ್ಕಳು ಪ್ರೋಗ್ರಾಮು ಬರೆಯುವ ಎಡಿಟರುಗಳಲ್ಲಿ ಕನ್ನಡವನ್ನು ನೇರವಾಗಿ ಬರೆಯಬಹುದು. ಯಾವ ಫಲಕವೂ ಬೇಡ, ವೇಷವೂ ಬೇಡ. ಯುನಿಕ್ಸನ್ನು ಅನುಸರಿಸಿ ಕಟ್ಟಿದ ಲಿನಕ್ಸ್ ಎಂಬ ವ್ಯವಸ್ಥೆಯ ಕೀಲಿಮಣೆಗಳ ಪಟ್ಟಿಯನ್ನು ತೆರೆದರೆ ಕನ್ನಡದ ಎದುರಿಗೆ 'ಕಗಪ' ಎಂದಿದೆ. ಕನ್ನಡ ಗಣಕ ಪರಿಷತ್ತು ಎಂಬುದರ ಮೊದಲಕ್ಷರಗಳವು, ಮಣೆ ಕೆ. ಪಿ. ರಾಯರದು. ಅದೇ ಪಟ್ಟಿಯಲ್ಲಿ ಕೆಳಗಿಳಿದರೆ ತೆಲುಗು, ಹಿಂದಿ, ಸಂಸ್ಕೃತಗಳ ಎದುರಿಗೂ ಅದೇ ಹೆಸರು ಕಾಣುತ್ತದೆ. ಮರಾಠಿಯ ಎದುರಿಗೂ ಇದೆ.